ಡಿಸ್ಕ್ ಅಂಚಿನ ಕೆಂಪು ಗೆರೆ: ಗ್ಲಾಕೋಮಾದ ಗತಿ ಮತ್ತು ಅಕ್ಷಿಪಟಲದ ರಕ್ತನಾಳಗಳು

ಗ್ಲಾಕೋಮಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕಣ್ಣಿನ ಒತ್ತಡ. ಜಪಾನಿನ ತಜಿಮಿ ನಗರದ ಸಮೀಕ್ಷೆ 2004ರಲ್ಲಿ ಪ್ರಕಟವಾದಾಗ ಈ ನಂಬಿಕೆಗೆ ಚೆನ್ನಾಗಿಯೇ ಪೆಟ್ಟು ಬಿತ್ತು. ಅಲ್ಲಿ ತೆರೆದ ಕೋನದ ಗ್ಲಾಕೋಮಾ ಇದ್ದವರಲ್ಲಿ ಶೇ. 92ರಷ್ಟು ಜನರ ಒತ್ತಡ 21 ಮಿಲಿಮೀಟರ್ ಪಾದರಸದ ಮಿತಿಯನ್ನು ದಾಟಿರಲಿಲ್ಲ. ಒತ್ತಡ ಮಿತಿಯಲ್ಲಿದ್ದೂ ದೃಷ್ಟಿನರ ನಶಿಸುವುದಾದರೆ, ಸಂಶಯ ರಕ್ತನಾಳಗಳತ್ತ ಹೊರಳುವುದು ಸಹಜ.

ಸಂಶಯ ಹಳೆಯದೇ. ಕೆನಡಾದ ಡ್ರಾನ್ಸ್ ಮತ್ತು ಬೆಗ್ 1970ರಲ್ಲಿ ಒಂದು ಚಿಕ್ಕ ಚಿಹ್ನೆಯತ್ತ ವೈದ್ಯರ ಗಮನ ಸೆಳೆದರು. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ದುಂಡನೆಯ ಜಾಗಕ್ಕೆ ಡಿಸ್ಕ್ ಎನ್ನುತ್ತಾರೆ. ಅದರ ಅಂಚಿನಲ್ಲಿ, ನರತಂತುಗಳ ಸಾಲಿಗೆ ಹೊಂದಿಕೊಂಡು, ಗೀಚಿದಂತೆ ಕಾಣುವ ಕೆಂಪು ಗೆರೆಯೇ ಆ ಚಿಹ್ನೆ. ಈ ರಕ್ತಸ್ರಾವದಿಂದ ನೋವಿಲ್ಲ, ನೋಟವೂ ಮಸುಕಾಗುವುದಿಲ್ಲ. ಕೆಲವು ವಾರಗಳಲ್ಲಿ ತಾನೇ ಮಾಯವಾಗುತ್ತದೆ.

ಮಾಯವಾಗುವ ಸಾಕ್ಷಿಯನ್ನು ಹಿಡಿಯುವುದೆಷ್ಟು ಕಷ್ಟ ಎಂಬುದು ಅಮೆರಿಕದ ಆಕ್ಯುಲರ್ ಹೈಪರ್‌ಟೆನ್ಷನ್ ಟ್ರೀಟ್‌ಮೆಂಟ್ ಸ್ಟಡಿಯಿಂದ ತಿಳಿಯಿತು. ಒತ್ತಡ ಹೆಚ್ಚಿದ್ದರೂ ನರ ಇನ್ನೂ ಕೆಡದಿದ್ದ 1,636 ಜನರನ್ನು ಅದು ವರ್ಷಗಟ್ಟಲೆ ಹಿಂಬಾಲಿಸಿತ್ತು. 2006ರ ವರದಿಯಂತೆ ಗ್ಲಾಕೋಮಾ ನಿರ್ಧಾರವಾಗುವ ಮೊದಲೇ 128 ಕಣ್ಣುಗಳಲ್ಲಿ ಇಂಥ ರಕ್ತಸ್ರಾವ ಕಂಡಿತು. ಅವುಗಳಲ್ಲಿ ವೈದ್ಯರ ಪರೀಕ್ಷೆಗೆ ಸಿಕ್ಕಿದ್ದು 21 ಮಾತ್ರ. ಮಿಕ್ಕ 107 ಬಯಲಾದದ್ದು ಛಾಯಾಚಿತ್ರಗಳನ್ನು ಮತ್ತೆ ಕೂತು ನೋಡಿದಾಗ. ಪರೀಕ್ಷಿಸಿದವರು ನುರಿತ ತಜ್ಞರೇ ಆಗಿದ್ದರು ಎಂಬುದನ್ನು ಮರೆಯಬಾರದು. ಇತರ ಅಪಾಯಾಂಶಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ರಕ್ತ ಒಸರಿದ ಕಣ್ಣಿಗೆ ಗ್ಲಾಕೋಮಾ ತಗಲುವ ಸಂಭವ 3.7 ಪಟ್ಟು ಹೆಚ್ಚಿತ್ತು. ಹಾಗೆಂದು ಗಾಬರಿಯಾಗಬೇಕಿಲ್ಲ: ಅಂಥ ಕಣ್ಣುಗಳಲ್ಲಿ ಶೇ. 86.7ಕ್ಕೆ ವರದಿಯ ಹೊತ್ತಿಗೂ ಕಾಯಿಲೆ ಬಂದಿರಲಿಲ್ಲ.

ಇನ್ನೂ ಕುತೂಹಲದ ಸಂಗತಿ ಸ್ವೀಡನ್ನಿನದು. ಅಲ್ಲಿನ ಅರ್ಲಿ ಮ್ಯಾನಿಫೆಸ್ಟ್ ಗ್ಲಾಕೋಮಾ ಟ್ರಯಲ್‌ನಲ್ಲಿ 255 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಒತ್ತಡ ಇಳಿಸುವ ಚಿಕಿತ್ಸೆ ಕೊಡಲಾಯಿತು. ಚಿಕಿತ್ಸೆ ಪಡೆದವರಲ್ಲಿ ರೋಗದ ವೇಗ ತಗ್ಗಿತು. ರಕ್ತಸ್ರಾವ ಮಾತ್ರ ಎರಡೂ ಗುಂಪುಗಳಲ್ಲಿ ಸರಿಸುಮಾರು ಒಂದೇ ಪ್ರಮಾಣದಲ್ಲಿತ್ತು. ಆದ್ದರಿಂದ ಕೆಂಪು ಗೆರೆ ಕಂಡಾಕ್ಷಣ ಔಷಧ ಸೋತಿತು ಎನ್ನಲಾಗದು. ಗೆರೆ ಕಂಡವರಲ್ಲಿ ರೋಗ ಮುಂದುವರಿಯುವ ಸಾಧ್ಯತೆ ಹೆಚ್ಚು ಎಂಬುದಂತೂ ಅದೇ ಪ್ರಯೋಗದಲ್ಲಿ ದೃಢಪಟ್ಟಿತು.

ಅಕ್ಷಿಪಟಲದ ನಾಳಗಳ ಅಗಲದ ವಿಚಾರ ಇಷ್ಟು ಸ್ಪಷ್ಟವಿಲ್ಲ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ 2005ರಲ್ಲಿ, ನಾಳಗಳ ಅಗಲಕ್ಕೂ ಮುಂದೆ ಬರುವ ಗ್ಲಾಕೋಮಾಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನ 2013ರಲ್ಲಿ ಅದಕ್ಕೆ ವ್ಯತಿರಿಕ್ತ ಫಲ ಕೊಟ್ಟಿತು: ಕಿರು ಅಪಧಮನಿಗಳು ಸಪೂರವಾಗಿದ್ದವರಿಗೆ ಮುಂದಿನ 10 ವರ್ಷಗಳಲ್ಲಿ ರೋಗದ ಅಪಾಯ ಹೆಚ್ಚು. ಕಾಲುವೆ ಬತ್ತಿ ಹೊಲ ಬೀಳುಬಿತ್ತೋ, ಹೊಲ ಬೀಳುಬಿದ್ದುದಕ್ಕೆ ಕಾಲುವೆಯ ನೀರು ತಗ್ಗಿಸಿದರೋ ಎಂಬಂಥ ತೊಡಕು ಇದು. ನರಕೋಶಗಳು ಸತ್ತ ಕಡೆ ರಕ್ತದ ಬೇಡಿಕೆ ಇಳಿಯುತ್ತದೆ, ನಾಳಗಳೂ ಸೊರಗುತ್ತವೆ. ದೃಷ್ಟಿನರದ ಬೇರೆ ರೋಗಗಳಲ್ಲೂ ಹೀಗಾಗುವುದುಂಟು. ಆಸ್ಟ್ರೇಲಿಯಾದ ಫಲಿತಾಂಶದಲ್ಲಿ ಸಪೂರತನ ಮೊದಲು, ರೋಗ ಆಮೇಲೆ ಎಂದು ತೋರಿದರೂ, ಗ್ಲಾಕೋಮಾ ಪತ್ತೆಯಾಗುವ ಹೊತ್ತಿಗೆ ನಷ್ಟ ಎಂದೋ ಶುರುವಾಗಿರುತ್ತದೆ. ಹಾಗಾಗಿ ಸಪೂರ ನಾಳವನ್ನು ಕಾರಣವೆಂದು ಸಾರುವುದು ಆತುರದ ಮಾತು.

ಬೆಳಕಿನಿಂದ ಅಕ್ಷಿಪಟಲದ ಪದರಗಳನ್ನು ಅಳೆಯುವ ಸ್ಕ್ಯಾನಿಗೆ ಒಸಿಟಿ ಎನ್ನುತ್ತಾರೆ. ಅದರದೇ ರೂಪವಾಗಿ ಕಳೆದ ದಶಕದಲ್ಲಿ ಬಳಕೆಗೆ ಬಂದ ಒಸಿಟಿ ಆಂಜಿಯೋಗ್ರಫಿ, ಬಣ್ಣದ ಚುಚ್ಚುಮದ್ದಿಲ್ಲದೆ ಲೋಮನಾಳಗಳ ಜಾಲವನ್ನೇ ತೋರಿಸುತ್ತದೆ. ಕಾರಣ-ಪರಿಣಾಮದ ಜಗಳ ಅದರಿಂದಲೂ ಬಗೆಹರಿದಿಲ್ಲ. ಅದರ ನಿಜವಾದ ಉಪಯೋಗ ಮುಂದುವರಿದ ರೋಗದಲ್ಲಿದೆ. ನರತಂತುಗಳ ಪದರ ಒಂದು ಹಂತಕ್ಕಿಂತ ತೆಳುವಾದ ಮೇಲೆ ಸಾಮಾನ್ಯ ಒಸಿಟಿಯ ಅಂಕಿ ಅಲ್ಲೇ ನಿಂತುಬಿಡುತ್ತದೆ, ಏಕೆಂದರೆ ಅಲ್ಲಿ ಅಳತೆಗೆ ಸಿಗುವುದು ಉಳಿದ ನಾಳಗಳು ಮತ್ತು ಆಧಾರ ಅಂಗಾಂಶ ಮಾತ್ರ. ಲೋಮನಾಳಗಳ ಸಾಂದ್ರತೆ ಆ ಹಂತದಲ್ಲೂ ಇಳಿಯುತ್ತಿರುವುದರಿಂದ, ರೋಗ ನಿಂತಿದೆಯೋ ನಡೆದಿದೆಯೋ ಎಂದು ತಿಳಿಯಲು ವೈದ್ಯರಿಗೆ ಇನ್ನೊಂದು ಅಳತೆ ದೊರೆಯುತ್ತದೆ.