ಟ್ಯೂಬಿನಲ್ಲಿ ಗರ್ಭ ನಿಂತರೆ ಏನು ಮಾಡಬೇಕು? ಬೇಗ ಗೊತ್ತಾದರೆ ಇಂಜೆಕ್ಷನ್‌ನಲ್ಲೇ ಗುಣವಾಗಬಹುದು

ಮುಟ್ಟಿನ ದಿನ ದಾಟಿದೆ, ಮೆಡಿಕಲ್ ಶಾಪಿನಿಂದ ಕಿಟ್ ತಂದು ನೋಡಿದರೆ ಎರಡು ಗೆರೆ ಬಂದಿದೆ. ಗರ್ಭ ನಿಂತಿದೆ ಅಂತ ಕಿಟ್ ಹೇಳುತ್ತದೆ, ಎಲ್ಲಿ ನಿಂತಿದೆ ಅಂತ ಹೇಳುವುದಿಲ್ಲ. ನೂರು ಗರ್ಭಗಳಲ್ಲಿ ಒಂದೋ ಎರಡೋ ಗರ್ಭಕೋಶದ ಹೊರಗೆ ಕೂತುಬಿಡುತ್ತವೆ. ಇದನ್ನೇ ಡಾಕ್ಟರು ‘ಎಕ್ಟೋಪಿಕ್’ ಅನ್ನುವುದು. ಇವುಗಳಲ್ಲಿ ಶೇ. 90ಕ್ಕೂ ಹೆಚ್ಚು ಸಿಕ್ಕಿಕೊಳ್ಳುವುದು ಗರ್ಭನಾಳದಲ್ಲಿ, ಅಂದರೆ ಟ್ಯೂಬಿನಲ್ಲಿ. ಆ ಸಣ್ಣ ನಾಳಕ್ಕೆ ಗರ್ಭಕೋಶದ ಹಾಗೆ ಹಿಗ್ಗುವ ಶಕ್ತಿ ಇಲ್ಲ. ಗರ್ಭ ಬೆಳೆದಂತೆ ನಾಳ ಒಡೆದು ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ. ಆ ಗರ್ಭವನ್ನು ತೆಗೆದು ಗರ್ಭಕೋಶದಲ್ಲಿ ಕೂರಿಸುವ ದಾರಿ ಇವತ್ತಿಗೂ ಇಲ್ಲ.

ಲಕ್ಷಣಗಳು ಕೊನೆಯ ಮುಟ್ಟಿನಿಂದ ಸುಮಾರು 6ರಿಂದ 8 ವಾರದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ಸ್ವಲ್ಪ ಸ್ವಲ್ಪ ಕಂದು ರಕ್ತ. ತಲೆಸುತ್ತು, ತಣ್ಣನೆಯ ಬೆವರು, ಭುಜದ ತುದಿಯಲ್ಲಿ ನೋವು ಬಂತೆಂದರೆ ಒಳಗೆ ರಕ್ತ ಹೋಗುತ್ತಿರಬಹುದು. ಗ್ಯಾಸ್ಟ್ರಿಕ್ ಅಂತ ಮಲಗಿಸಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬಾರದು. ಸಂತಾನಹರಣ ಆಪರೇಷನ್ ಆಗಿದೆ, ಇದು ಗರ್ಭ ಇರಲಿಕ್ಕಿಲ್ಲ ಅನ್ನುವ ಲೆಕ್ಕವೂ ತಪ್ಪು. ಅಂಥವರಿಗೆ ಗರ್ಭ ನಿಲ್ಲುವುದೇ ಅಪರೂಪ, ನಿಂತರೆ ಟ್ಯೂಬಿನಲ್ಲಿರುವ ಸಾಧ್ಯತೆ ಹೆಚ್ಚು.

ಸ್ಕ್ಯಾನ್ ಮಾಡಿಸದೆ ಗರ್ಭಪಾತದ ಮಾತ್ರೆ ನುಂಗುವುದು ಇಲ್ಲಿ ದೊಡ್ಡ ಅಪಾಯ. ಆ ಮಾತ್ರೆಗೆ ಟ್ಯೂಬಿನ ಗರ್ಭ ಹೋಗುವುದಿಲ್ಲ. ಆದರೆ ಮಾತ್ರೆಯಿಂದ ರಕ್ತ ಹೋಗುತ್ತದೆ, ಮನೆಯವರು ಎಲ್ಲಾ ಮುಗೀತು ಅಂದುಕೊಳ್ಳುತ್ತಾರೆ, ನಾಳ ಒಳಗೊಳಗೇ ಹಿಗ್ಗುತ್ತಿರುತ್ತದೆ. ಚೀಟಿ ಇಲ್ಲದೆ ಬಂದವರಿಗೆ ಈ ಮಾತ್ರೆ ಕೊಡದಿರುವುದು ಅಂಗಡಿಯವರ ಕೈಯಲ್ಲಿದೆ.

ಬೇಗ ಗೊತ್ತಾದರೆ ಕತ್ತರಿ ಹಾಕದೆಯೂ ಗುಣ ಮಾಡಬಹುದು. ನಾಳ ಒಡೆದಿರಬಾರದು, ಭ್ರೂಣದ ಎದೆಬಡಿತ ಇರಬಾರದು, ರಕ್ತದಲ್ಲಿ ಎಚ್‌ಸಿಜಿ ಹಾರ್ಮೋನ್ ಕಡಿಮೆ ಇರಬೇಕು, ಸಾಮಾನ್ಯವಾಗಿ 5000ದ ಒಳಗೆ. ಆಗ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಡುತ್ತಾರೆ. ಗರ್ಭದ ಬೆಳವಣಿಗೆ ನಿಂತು, ನಿಧಾನಕ್ಕೆ ಕರಗುತ್ತದೆ. 4ನೇ ಮತ್ತು 7ನೇ ದಿನ ರಕ್ತಪರೀಕ್ಷೆ ಇರುತ್ತದೆ. ಈ ಎರಡರ ನಡುವೆ ಹಾರ್ಮೋನ್ ಕನಿಷ್ಠ ಶೇ. 15ರಷ್ಟು ಇಳಿಯಬೇಕು, ಇಳಿಯದಿದ್ದರೆ ಇನ್ನೊಂದು ಡೋಸ್ ಅಥವಾ ಆಪರೇಷನ್. ಸೊನ್ನೆಗೆ ಬರುವವರೆಗೆ ವಾರವಾರ ಪರೀಕ್ಷೆ ತಪ್ಪಿಸುವಂತಿಲ್ಲ. ಊರು ದೂರ, ಬಸ್ ಇಲ್ಲ ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಿಬಿಡುವುದು ಒಳ್ಳೆಯದು. ಈ ಔಷಧ ಕೆಲಸ ಮಾಡುವುದೇ ಫೋಲಿಕ್ ಆಸಿಡ್ ಅನ್ನು ತಡೆದು. ಆದ್ದರಿಂದ ಆಶಾ ಕಾರ್ಯಕರ್ತೆ ಕೊಟ್ಟ ಫೋಲಿಕ್ ಆಸಿಡ್ ಮಾತ್ರೆಯನ್ನು ಅಷ್ಟು ದಿನ ನಿಲ್ಲಿಸಬೇಕು. ಕನಿಷ್ಠ 3 ತಿಂಗಳು ಮತ್ತೆ ಗರ್ಭ ನಿಲ್ಲಬಾರದು.

ಇಂಜೆಕ್ಷನ್ ಆಗದವರಿಗೆ ಲ್ಯಾಪ್ರೋಸ್ಕೋಪಿ: ಹೊಟ್ಟೆಯಲ್ಲಿ ಎರಡು ಮೂರು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ನಾಳವನ್ನು ಸೀಳಿ ಗರ್ಭ ಮಾತ್ರ ತೆಗೆಯಬಹುದು, ಇಲ್ಲವೇ ನಾಳವನ್ನೇ ತೆಗೆಯಬಹುದು. ನಾಳ ಒಡೆದು ಪರಿಸ್ಥಿತಿ ಕೈಮೀರಿದ್ದರೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನೇ ಸರಿ. ಆಗ ದೊಡ್ಡ ಊರಿನ ಆಸ್ಪತ್ರೆ ಹುಡುಕಿಕೊಂಡು ಕೂರುವ ಹೊತ್ತಲ್ಲ.

‘ಟ್ಯೂಬ್ ತೆಗೆದರು, ಇನ್ನು ಸೊಸೆಗೆ ಮಕ್ಕಳಾಗಲ್ಲ’ ಅನ್ನುವ ಮಾತು ಎಷ್ಟೋ ಮನೆ ಕೆಡಿಸಿದೆ. ಇನ್ನೊಂದು ನಾಳ ಚೆನ್ನಾಗಿದ್ದರೆ ಅದು ನಿಜವಲ್ಲ. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇನ್ನೊಂದು ನಾಳ ಸರಿಯಿದ್ದ 446 ಮಹಿಳೆಯರಿದ್ದರು. 3 ವರ್ಷದೊಳಗೆ ಸಹಜವಾಗಿ ಗರ್ಭ ನಿಂತು ಮುಂದುವರಿದದ್ದು ನಾಳ ಉಳಿಸಿದವರಲ್ಲಿ ಸುಮಾರು ಶೇ. 61, ತೆಗೆದವರಲ್ಲಿ ಶೇ. 56. ಖಚಿತ ವ್ಯತ್ಯಾಸ ಅನ್ನುವಷ್ಟು ದೊಡ್ಡ ಅಂತರ ಅದಲ್ಲ. ನಾಳ ಉಳಿಸಿದಾಗ ಗರ್ಭದ ಚೂರು ಒಳಗೇ ಉಳಿಯುವ ತೊಂದರೆಯೂ ಇದೆ. ಇನ್ನೊಂದು ನಾಳ ಮೊದಲೇ ಹಾಳಾಗಿದ್ದರೆ ಮಾತ್ರ ಇರುವುದನ್ನು ಉಳಿಸಲು ಡಾಕ್ಟರು ಹೆಚ್ಚು ಪ್ರಯತ್ನಿಸುತ್ತಾರೆ.

ರಕ್ತದ ಗುಂಪು ನೆಗೆಟಿವ್ ಇದ್ದವರು ಆಂಟಿ-ಡಿ ಇಂಜೆಕ್ಷನ್ ಬೇಕೇ ಅಂತ ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಬೇಕು. ಒಮ್ಮೆ ಹೀಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗಬಹುದು. ಹಾಗಾಗಿ ಮುಂದಿನ ಸಲ ಎರಡು ಗೆರೆ ಬಂದರೆ ಮೂರು ತಿಂಗಳು ಕಾಯದೆ, 6ನೇ ವಾರದ ಹೊತ್ತಿಗೇ ಸ್ಕ್ಯಾನ್ ಮಾಡಿಸಬೇಕು.