ನಾಣೇಘಾಟಿನ ಹೆಸರುಗಳು

ಪುಣೆಯಿಂದ ಒಂದು ದಿನದ ಪ್ರವಾಸಕ್ಕೆ ಜುನ್ನರಿಗೆ ಹೋದವರು ಹೆಚ್ಚಾಗಿ ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ನೋಡಿ ಮರಳುತ್ತಾರೆ. 1490ರಲ್ಲಿ ಬಹಮನಿಗಳಿಂದ ಬೇರೆಯಾದ ಮಲಿಕ್ ಅಹ್ಮದನಿಗೆ ಮೊದಲ ರಾಜಧಾನಿಯಾದದ್ದೂ ಇದೇ ಜುನ್ನರ್.

ಇನ್ನೂ ಹಿಂದಿನದನ್ನು ಕಾಣಲು ನಾಣೇಘಾಟಿನ ಗುಹೆಗೆ ಹೋಗಬೇಕು. ಮರಾಠಿಯ ‘ನಾಣೆ’ ಎಂದರೆ ನಾಣ್ಯ. ಕೊಂಕಣದ ಸರಕು ಘಟ್ಟ ಹತ್ತುತ್ತಿದ್ದ ದಾರಿ ಅದು. ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನ ಯಜ್ಞಗಳಲ್ಲಿ ದಾನವಿತ್ತ ಹಸು, ನಾಣ್ಯಗಳನ್ನು ಅಂಕಿಗಳಲ್ಲೇ ಲೆಕ್ಕ ಹೇಳುತ್ತದೆ. ಅಲ್ಲಿದ್ದ ಸಾತವಾಹನ ರಾಜಕುಟುಂಬದ ಮೂರ್ತಿಗಳು ಒಡೆದುಹೋಗಿವೆ. ಮೇಲೆ ಕೊರೆದ ಹೆಸರುಗಳು ಉಳಿದಿವೆ.

ಆ ವಂಶದ ಅರಸರನ್ನು ಹೆಸರು, ರೂಪ ಎರಡರಲ್ಲೂ ನೋಡಬೇಕೆಂದರೆ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಗೆ ಬರಬೇಕು. ನಾಣೇಘಾಟಿನಲ್ಲಿ ಆ ಅಕ್ಷರಗಳೂ ಅಳಿಸಿದರೆ ಉಳಿಯುವುದು ಬರೀ ಗುಹೆ.