ತಂತಿಯ ಪಾಠಾಂತರಗಳು: ನಿಕ್ ಡ್ರೇಕ್ ಹಾಡುಗಳ ಮರುಗಾಯನ ಮತ್ತು ಅಭಿಮಾನಿಗಳ ಶ್ರುತಿಶೋಧನೆ

ಜನಪ್ರಿಯ ಸಂಗೀತದಲ್ಲಿ ಒಬ್ಬರು ಹಾಡಿ ಧ್ವನಿಮುದ್ರಿಸಿದ ಹಾಡನ್ನು ಮತ್ತೊಬ್ಬರು ತಮ್ಮ ಕಂಠ ಮತ್ತು ವಾದ್ಯಗಳಲ್ಲಿ ಹೊಸದಾಗಿ ಹಾಡುವುದಕ್ಕೆ ‘ಕವರ್’ ಎಂಬ ಹೆಸರು ಎಲ್ಲೆಡೆ ರೂಢಿಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ಅದನ್ನು ‘ಮರುಗಾಯನ’ ಎಂದು ಕರೆಯಲಾಗಿದೆ. ಮರುಗಾಯನವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಎರಡೇ ದಾರಿಗಳಲ್ಲಿ ಸಾಗಿದೆ. ಹೊಸ ಗಾಯಕರು ಮೂಲಕ್ಕೆ ಏನನ್ನು ಕೂಡಿಸಿದರು ಎಂದು ಕೇಳುವ ರಸವಿಮರ್ಶೆ ಒಂದು. ಹಕ್ಕು ಮತ್ತು ಗೌರವಧನದ ಲೆಕ್ಕವನ್ನು ಕೇಳುವ ಕಾನೂನು ಇನ್ನೊಂದು. ಇವೆರಡರ ನಿರೀಕ್ಷೆಗಳು ಪರಸ್ಪರ ವಿರುದ್ಧವಾದವು: ವಿಮರ್ಶಕರು ಬದಲಾವಣೆಯನ್ನು ಮೆಚ್ಚಿದರೆ, ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಲಾದ 31ಸಿ ಕಲಮು, ತಾಂತ್ರಿಕವಾಗಿ ಅನಿವಾರ್ಯವಲ್ಲದ ಯಾವ ಬದಲಾವಣೆಯನ್ನೂ ಹಕ್ಕುದಾರರ ಸಮ್ಮತಿಯಿಲ್ಲದೆ ಮಾಡಕೂಡದೆಂದು ವಿಧಿಸುತ್ತದೆ. ಹಣಕ್ಕಾಗಲಿ ಹೆಸರಿಗಾಗಲಿ ಅಲ್ಲದೆ, ಪ್ರೀತಿಯ ಗಾಯಕನ ಹಾಡನ್ನು ನುಡಿಸಲು ಕಲಿತು ತಮ್ಮಂಥವರೊಡನೆ ಹಂಚಿಕೊಳ್ಳುವ ಹವ್ಯಾಸಿಗಳ ಮರುಗಾಯನ ಮಾತ್ರ ಈ ಎರಡೂ ಚೌಕಟ್ಟುಗಳ ಹೊರಗೇ ಉಳಿದಿದೆ. ಇಂಗ್ಲೆಂಡಿನ ಗಾಯಕ-ಗೀತಕಾರ ನಿಕ್ ಡ್ರೇಕ್ ಅವರ ಹಾಡುಗಳನ್ನು ಉದಾಹರಣೆಯಾಗಿಟ್ಟುಕೊಂಡು, ಅಂಥ ಮರುಗಾಯನವನ್ನು ಒಂದು ಬಗೆಯ ಗ್ರಂಥಸಂಪಾದನೆಯೆಂದು, ಅಂದರೆ ಕೈತಪ್ಪಿಹೋದ ಪಾಠವೊಂದನ್ನು ಉಳಿದ ಸಾಕ್ಷ್ಯಗಳಿಂದ ಮತ್ತೆ ಕಟ್ಟುವ ವಿದ್ವತ್ಕಾರ್ಯವೆಂದು ನೋಡಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ನಿಕ್ ಡ್ರೇಕ್ ಹುಟ್ಟಿದ್ದು 1948ರ ಜೂನ್ 19ರಂದು, ಬರ್ಮಾದ ರಂಗೂನಿನಲ್ಲಿ. ತಂದೆ ರಾಡ್ನಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಇಂಜಿನಿಯರ್ ಆಗಿದ್ದರು. ತಾಯಿ ಮಾಲಿ, ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ದೆಹಲಿಗೆ ಬಂದು ನೆಲೆಸಿ, ಅಲ್ಲಿದ್ದಾಗ ಸೋದರಿಯೊಡನೆ ಆಕಾಶವಾಣಿಯಲ್ಲಿ ಹಾಡಿದ್ದರು. ಅಕ್ಕ ಗೇಬ್ರಿಯಲ್ ಹುಟ್ಟಿದ್ದು ಲಾಹೋರಿನಲ್ಲಿ. ಕುಟುಂಬ ಇಂಗ್ಲೆಂಡಿಗೆ ಮರಳಿ ವಾರಿಕ್‌ಶೈರಿನ ಟ್ಯಾನ್‌ವರ್ತ್-ಇನ್-ಆರ್ಡೆನ್ ಎಂಬ ಹಳ್ಳಿಯಲ್ಲಿ ನೆಲೆಯೂರಿತು. ಕೇಂಬ್ರಿಜ್ಜಿನಲ್ಲಿ ಸಾಹಿತ್ಯದ ವಿದ್ಯಾರ್ಥಿಯಾಗಿದ್ದಾಗಲೇ ನಿಕ್ ನಿರ್ಮಾಪಕ ಜೋ ಬಾಯ್ಡ್ ಅವರ ಗಮನಕ್ಕೆ ಬಂದರು. ‘ಫೈವ್ ಲೀವ್ಸ್ ಲೆಫ್ಟ್’ (1969), ‘ಬ್ರೈಟರ್ ಲೇಟರ್’ (1971), ‘ಪಿಂಕ್ ಮೂನ್’ (1972) ಎಂಬ ಮೂರು ಆಲ್ಬಮ್‌ಗಳು ಹೊರಬಂದವು. ಮೊದಲ ಬಿಡುಗಡೆಯಲ್ಲಿ ಇವುಗಳಲ್ಲಿ ಒಂದೂ 5,000 ಪ್ರತಿಗಳಷ್ಟು ಸಹ ಮಾರಾಟವಾಗಲಿಲ್ಲವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. 1974ರ ನವೆಂಬರ್ 25ರಂದು, 26ನೆಯ ವಯಸ್ಸಿನಲ್ಲಿ, ಖಿನ್ನತೆಗೆ ಕೊಟ್ಟಿದ್ದ ಔಷಧಿಯ ಅತಿಸೇವನೆಯಿಂದ ಅವರು ತೀರಿಕೊಂಡರು. ತಮ್ಮ ಸಂಸ್ಥೆಯನ್ನು ಐಲೆಂಡ್ ರೆಕಾರ್ಡ್ಸ್‌ಗೆ ಮಾರುವಾಗ ಡ್ರೇಕ್ ಆಲ್ಬಮ್‌ಗಳನ್ನು ಎಂದೂ ಮಾರುಕಟ್ಟೆಯಿಂದ ಹಿಂತೆಗೆಯಕೂಡದೆಂಬ ಷರತ್ತನ್ನು ಬಾಯ್ಡ್ ಹಾಕಿದ್ದರಿಂದಲೇ ಆ ಹಾಡುಗಳು ಮುಂದಿನ ತಲೆಮಾರಿಗೆ ದಕ್ಕಿದವು. 1999ರ ಹೊತ್ತಿಗೆ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತೊಂದು ‘ಪಿಂಕ್ ಮೂನ್’ ಹಾಡನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ ಕಥೆ ಸುಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು ಸಾಕ್ಷ್ಯದ ಬಡತನ. ಪ್ರಾಯಕ್ಕೆ ಬಂದ ಮೇಲಿನ ಡ್ರೇಕ್ ಗಿಟಾರ್ ನುಡಿಸುತ್ತಿರುವ ಚಲನಚಿತ್ರದ ತುಣುಕು ಒಂದೂ ದೊರೆತಿಲ್ಲ. ಪತ್ರಿಕೆಗೆ ಕೊಟ್ಟ ಸಂದರ್ಶನವೆಂದು ಉಳಿದಿರುವುದು 1971ರಲ್ಲಿ ‘ಸೌಂಡ್ಸ್’ ವಾರಪತ್ರಿಕೆಯಲ್ಲಿ ಬಂದ ಒಂದೇ ಒಂದು. ಅವರು ಕಛೇರಿಗಳನ್ನು ಕೊಟ್ಟದ್ದು ಕಡಿಮೆ. ಕೊಟ್ಟಾಗಲೂ ಹಾಡಿನಿಂದ ಹಾಡಿಗೆ ಗಿಟಾರಿನ ಶ್ರುತಿಯನ್ನು ಬದಲಿಸಿಕೊಳ್ಳುತ್ತ, ಸಭೆಯೊಡನೆ ಒಂದು ಮಾತೂ ಆಡದೆ ಬಹಳ ಹೊತ್ತು ಕಳೆಯುತ್ತಿದ್ದುದರಿಂದ ಕೇಳುಗರು ತಾಳ್ಮೆಗೆಡುತ್ತಿದ್ದರೆಂದು ಸಮಕಾಲೀನರು ಹೇಳುತ್ತಾರೆ. ಆ ಶ್ರುತಿಯ ಕೆಲಸವೇ ಅವರ ಸಂಗೀತದ ತಿರುಳಾಗಿತ್ತೆಂಬುದು ಅಂದಿನ ಸಭೆಗೆ ಹೊಳೆದಿರಲಾರದು.

ಮರುಗಾಯನದ ಮೊದಲ ಹಂತ ಅಭಿಮಾನಿಗಳದ್ದಲ್ಲ, ವ್ಯಾಪಾರದ್ದು. ಗೀತಪ್ರಕಾಶನದ ಪದ್ಧತಿಯಲ್ಲಿ ಒಬ್ಬರ ಹಾಡನ್ನು ಬೇರೆ ಗಾಯಕರಿಗೆ ಒಪ್ಪಿಸಿದರೆ ಪ್ರಕಾಶಕರಿಗೂ ಗೀತಕಾರರಿಗೂ ಆದಾಯ ಬರುವುದರಿಂದ, 1970ರಲ್ಲಿ ಬಾಯ್ಡ್ ಅವರ ಪ್ರಕಾಶನ ಸಂಸ್ಥೆಗಾಗಿ, ಆಗಿನ್ನೂ ಹೆಸರು ಮಾಡದಿದ್ದ ಎಲ್ಟನ್ ಜಾನ್ ಡ್ರೇಕ್ ಅವರ ಕೆಲವು ಹಾಡುಗಳನ್ನು ಪಿಯಾನೊ ನುಡಿಸಿಕೊಂಡು ಹಾಡಿ ಮಾದರಿಮುದ್ರಿಕೆಗಳನ್ನು ಸಿದ್ಧಪಡಿಸಿಕೊಟ್ಟರು. ಅವು ಮಾರಾಟಕ್ಕೆಂದು ಮಾಡಿದವಲ್ಲ; ಬಹುಕಾಲದ ಮೇಲೆ ಕಳ್ಳಮುದ್ರಿಕೆಗಳಾಗಿ ಸಂಗ್ರಾಹಕರ ನಡುವೆ ತಿರುಗಾಡಿದವು. ಅವನ್ನು ಕೇಳಿದಾಗ, ರಾಗ ಮತ್ತು ಸ್ವರಸಂಘಾತ ಎರಡೂ ಸರಿಯಾಗಿದ್ದರೂ, ಕಂಠದಡಿ ಗಿಟಾರ್ ನಡೆಸುತ್ತಿದ್ದ ಎರಡನೆಯ ಸಂಭಾಷಣೆ ಮಾಯವಾಗಿರುವುದು ಗೊತ್ತಾಗುತ್ತದೆ. ಅದೇ ವರ್ಷ ಜಮೈಕಾದ ಗಾಯಕಿ ಮಿಲಿ, ಡ್ರೇಕ್ ಅವರ ‘ಮೇಫೇರ್’ ಹಾಡನ್ನು ತಮ್ಮ ಆಲ್ಬಮ್ಮಿನಲ್ಲಿ ಹಾಡಿದರು. ಡ್ರೇಕ್ ಸ್ವತಃ ಹಾಡಿದ ಮುದ್ರಿಕೆ ಹೊರಬಂದದ್ದು ಅವರು ತೀರಿಕೊಂಡು ಹನ್ನೆರಡು ವರ್ಷಗಳ ಅನಂತರ, 1986ರಲ್ಲಿ. ಅಂದರೆ ಲೋಕಕ್ಕೆ ಮರುಗಾಯನ ಮೊದಲು ಕೇಳಿಸಿತು, ಮೂಲ ಆಮೇಲೆ. ಮೂಲಕ್ಕೆ ಕಾಲದ ಹಿರಿತನವನ್ನು ಸುಮ್ಮನೆ ಒಪ್ಪಿಸಿಬಿಡುವ ಅಭ್ಯಾಸಕ್ಕೆ ಇದೊಂದು ಎಚ್ಚರಿಕೆ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ಗಿಟಾರಿನ ಆರು ತಂತಿಗಳ ವಾಡಿಕೆಯ ಶ್ರುತಿ, ಮಂದ್ರದಿಂದ ಮೇಲಕ್ಕೆ, ಇ-ಎ-ಡಿ-ಜಿ-ಬಿ-ಇ. ‘ಪಿಂಕ್ ಮೂನ್’ ಹಾಡಿಗೆ ಇಂದು ಅಭಿಮಾನಿಗಳೆಲ್ಲ ಒಪ್ಪಿರುವ ಶ್ರುತಿ ಸಿ-ಜಿ-ಸಿ-ಎಫ್-ಸಿ-ಇ. ಜೊತೆಗೆ, ಎಲ್ಲ ತಂತಿಗಳನ್ನೂ ಒಮ್ಮೆಗೇ ಒತ್ತಿ ಶ್ರುತಿಯನ್ನು ಏರಿಸುವ ‘ಕೇಪೊ’ ಎಂಬ ಹಿಡಿಕೆ ಎರಡನೆಯ ಮೆಟ್ಟಿಲಿನಲ್ಲಿ ಕೂರುತ್ತದೆ. ವಾಡಿಕೆಯ ಶ್ರುತಿಗೆ ಹೋಲಿಸಿದರೆ ಕೆಳಗಿನ ನಾಲ್ಕು ತಂತಿಗಳು ಇಳಿದಿವೆ, ಐದನೆಯದು ಅರ್ಧ ಸ್ವರ ಏರಿದೆ, ಕೊನೆಯದು ಇದ್ದಲ್ಲೇ ಇದೆ. ಸಿ ಎಂಬುದನ್ನು ಷಡ್ಜವೆಂದು ಹಿಡಿದರೆ ಬಿಟ್ಟ ತಂತಿಗಳು ಸ-ಪ-ಸ-ಮ-ಸ-ಗ ಎಂದು ಮಿಡಿಯುತ್ತವೆ. ಷಡ್ಜ ಪಂಚಮಗಳು ತಂಬೂರಿಯಲ್ಲಿ ಇರುವಂಥವೇ; ಅವುಗಳ ಜೊತೆಗೆ ನಡುವಿನ ತಂತಿಯಲ್ಲಿ ಶುದ್ಧ ಮಧ್ಯಮವೂ ಮೇಲಿನ ತಂತಿಯಲ್ಲಿ ಅಂತರ ಗಾಂಧಾರವೂ ಒಟ್ಟಿಗೆ ನುಡಿಯುವುದರಿಂದ, ನಾದ ಪೂರ್ತಿ ನೆಲೆಗೊಳ್ಳದೆ ತೂಗಾಡುತ್ತಿರುತ್ತದೆ. ಆ ಹಾಡಿನ ಪ್ರಸಿದ್ಧ ಅನಿಶ್ಚಿತ ಭಾವ ಕವಿತೆಯಲ್ಲಿ ಎಷ್ಟಿದೆಯೋ ಅಷ್ಟೇ ಈ ಮಧ್ಯಮದಲ್ಲಿಯೂ ಇದೆ.

ಬರೆದಿಟ್ಟ ಟಿಪ್ಪಣಿಯಿಲ್ಲದೆ, ನೋಡಲು ದೃಶ್ಯವೂ ಇಲ್ಲದೆ ಇದನ್ನು ಕಂಡುಕೊಳ್ಳುವ ಬಗೆ ಹೇಗೆ? ಬೆರಳೊತ್ತಿದ ತಂತಿಯ ನಾದ ಬೆರಳೆತ್ತಿದೊಡನೆ ನಿಲ್ಲುತ್ತದೆ, ಬಿಟ್ಟ ತಂತಿಯದು ಮುಂದಿನ ಸ್ವರದ ಮೇಲೂ ಹರಡಿಕೊಳ್ಳುತ್ತದೆ. ಲೋಹದ ಸುತ್ತುಳ್ಳ ದಪ್ಪ ತಂತಿಯ ಬಣ್ಣ ಬೇರೆ, ಬರಿಯ ತಂತಿಯ ಬಣ್ಣ ಬೇರೆ. ಬೆರಳು ಜಾರುವಾಗಿನ ಕಿರುಸದ್ದು ಅದು ಯಾವ ತಂತಿಯೆಂಬುದನ್ನು ಬಿಟ್ಟುಕೊಡುತ್ತದೆ. ಇಂಥ ಕುರುಹುಗಳನ್ನು ಜೋಡಿಸಿ ಅಭಿಮಾನಿ ಒಂದು ಊಹೆ ಮಾಡುತ್ತಾನೆ, ಅದರಂತೆ ನುಡಿಸಿ ನೋಡುತ್ತಾನೆ, ಇತರರ ಮುಂದಿಡುತ್ತಾನೆ. ಇಲ್ಲಿ ಮರುಗಾಯನವೆಂಬುದು ಊಹೆಯ ಪರೀಕ್ಷೆ. ತಂತಿಗಳಿಗೆ ಆರು ಗೆರೆಗಳನ್ನೆಳೆದು ಬೆರಳಿಡುವ ಮೆಟ್ಟಿಲನ್ನು ಅಂಕಿಗಳಲ್ಲಿ ಗುರುತಿಸುವ ‘ಟ್ಯಾಬ್ಲೇಚರ್’ ಎಂಬ ಬರವಣಿಗೆ ಈ ಪರೀಕ್ಷೆಯ ದಾಖಲೆಯಷ್ಟೆ. ಪುರಾವೆ ಮಾತ್ರ ನುಡಿಸಾಣಿಕೆಯೇ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಓಲೆಗರಿಗಳಲ್ಲಿ ಒಂದೇ ಪದ್ಯ ಹಲವು ರೂಪಗಳಲ್ಲಿ ಸಿಕ್ಕಾಗ ಅವುಗಳನ್ನು ಪಾಠಾಂತರಗಳೆನ್ನುತ್ತಾರೆ. ಸಂಪಾದಕರು ಅವುಗಳನ್ನು ತೂಗಿ ಕವಿಯ ಪಾಠವನ್ನು ನಿರ್ಣಯಿಸುತ್ತಾರೆ. ‘ಪಿಂಕ್ ಮೂನ್’ ವಿಷಯದಲ್ಲಿ ಅಚ್ಚುಕಟ್ಟಾದ ಪಾಠಾಂತರವೊಂದಿದೆ. ಕೇಪೊ ಇಲ್ಲದೆಯೇ ಗಿಟಾರನ್ನು ಡಿ-ಎ-ಡಿ-ಜಿ-ಡಿ-ಎಫ್ ಶಾರ್ಪ್ ಎಂದು ಶ್ರುತಿ ಮಾಡಿದರೂ ಕೇಳಿಬರುವ ಸ್ವರಗಳು ಒಂದಿಷ್ಟೂ ಬೇರೆಯಾಗವು. ಸ್ವರಗಳನ್ನಷ್ಟೇ ಲೆಕ್ಕಕ್ಕಿಟ್ಟರೆ ಎರಡೂ ಪಾಠಗಳು ಸಮಾನ. ಆದರೆ ಎರಡನೆಯ ಪಾಠದಲ್ಲಿ ತೆಳುವಾದ ಎರಡು ತಂತಿಗಳನ್ನು ವಾಡಿಕೆಗಿಂತ ಒಂದು, ಒಂದೂವರೆ ಸ್ವರದಷ್ಟು ಬಿಗಿಯಬೇಕಾಗುತ್ತದೆ, ತಂತಿ ಕಡಿಯುವ ಭಯವಿರುತ್ತದೆ. ಮೊದಲನೆಯದರಲ್ಲಿ ಕೆಳಗಿನ ನಾಲ್ಕು ತಂತಿಗಳೂ ಸಡಿಲವಾಗಿದ್ದು ಮಂದ್ರದ ನಾದ ತುಸು ಅಲುಗುತ್ತದೆ. ಧ್ವನಿಮುದ್ರಿಕೆಯಲ್ಲಿರುವುದು ಆ ಅಲುಗಾಟವೇ. ನಿರ್ಣಯಕ್ಕೆ ಒದಗಿದ್ದು ಕಿವಿಗಿಂತ ಹೆಚ್ಚಾಗಿ ಬೆರಳ ತುದಿ. ಗ್ರಂಥಸಂಪಾದಕರು ಸಾಮಾನ್ಯವಾಗಿ ಕ್ಲಿಷ್ಟವಾದ ಪಾಠವನ್ನೇ ಮೂಲಕ್ಕೆ ಹತ್ತಿರವೆಂದು ಎಣಿಸುತ್ತಾರೆ, ಏಕೆಂದರೆ ಲಿಪಿಕಾರ ಕಠಿಣವಾದದ್ದನ್ನು ಸುಲಭಗೊಳಿಸುವನೇ ಹೊರತು ಸುಲಭವಾದದ್ದನ್ನು ಕಠಿಣಗೊಳಿಸುವುದಿಲ್ಲ. ಗಿಟಾರಿನಲ್ಲಿ ಈ ನಿಯಮ ತಲೆಕೆಳಗಾಗುತ್ತದೆ: ಕೈಗೆ ಅತಿ ಕಡಿಮೆ ಓಡಾಟವನ್ನು ಕೊಡುವ ಶ್ರುತಿಯೇ ಬಹುಮಟ್ಟಿಗೆ ಮೂಲದ ಶ್ರುತಿ, ವಾಡಿಕೆಯ ಶ್ರುತಿಯಲ್ಲಿ ಬೆರಳುಗಳನ್ನು ಹಿಂಸಿಸುವ ಹಾಡು ಸರಿಯಾದ ಶ್ರುತಿ ಸಿಕ್ಕೊಡನೆ ತಾನಾಗಿ ಕೈಗೆ ಬರುತ್ತದೆ.

ಎಲ್ಲ ಹಾಡುಗಳ ರಹಸ್ಯವೂ ಶ್ರುತಿಯಲ್ಲೇ ಇಲ್ಲ. ‘ರಿವರ್ ಮ್ಯಾನ್’ ವಾಡಿಕೆಯ ಶ್ರುತಿಯದೇ ಆಗಿದ್ದು, ಅದರ ತೊಡಕಿರುವುದು ಐದು ಮಾತ್ರೆಯ ನಡೆಯಲ್ಲಿ. ಕೈ ಐದರ ಆವರ್ತವನ್ನು ಬಿಡದೆ ಸುತ್ತುತ್ತಿರುವಾಗ ಕಂಠ ಆವರ್ತದ ಮೊದಲಿಗೆ ಕಾಯದೆ ತನಗೆ ಬೇಕಾದಲ್ಲಿ ಎತ್ತುಗಡೆ ಮಾಡುತ್ತದೆ. ಜಾಝ್ ಪಿಯಾನೊವಾದಕ ಬ್ರ್ಯಾಡ್ ಮೆಲ್ಡೌ 1998ರಲ್ಲಿ ಇದನ್ನು ತಮ್ಮ ತ್ರಯವಾದ್ಯಕ್ಕೆ ಅಳವಡಿಸಿದಾಗ ಅವರಿಗೆ ಶ್ರುತಿಯ ಹಂಗಿರಲಿಲ್ಲ. ಗಿಟಾರನ್ನು ಬಿಟ್ಟೂ ಬದುಕಬಲ್ಲ ಡ್ರೇಕ್ ಹಾಡುಗಳಲ್ಲಿ ಇದು ಮೊದಲನೆಯದೆಂದು ಹೇಳಲು ಅಡ್ಡಿಯಿಲ್ಲ.

ಹಂಚಿಕೆಯ ಇತಿಹಾಸದಲ್ಲಿ ತಂದೆತಾಯಿಗಳ ಪಾತ್ರ ವಿಶೇಷವಾದದ್ದು. ಮಗ ತೀರಿಕೊಂಡ ಮೇಲೆ ಟ್ಯಾನ್‌ವರ್ತಿನ ಮನೆಯನ್ನು ಹುಡುಕಿಕೊಂಡು ಬಂದ ಅಪರಿಚಿತ ಅಭಿಮಾನಿಗಳನ್ನು ರಾಡ್ನಿ ಮತ್ತು ಮಾಲಿ ಒಳಗೆ ಕರೆದು ಉಪಚರಿಸುತ್ತಿದ್ದರು. ನಿಕ್ ಮನೆಯಲ್ಲಿ ಹಾಡಿಕೊಂಡಿದ್ದ ಟೇಪುಗಳ ನಕಲನ್ನು ಕ್ಯಾಸೆಟ್ಟಿನಲ್ಲಿ ಕೆಲವರಿಗೆ ಕೊಟ್ಟದ್ದೂ ಉಂಟು. ಅವು ಕೈಯಿಂದ ಕೈಗೆ ನಕಲಾಗಿ, ಕೊನೆಗೆ ಕಳ್ಳಮುದ್ರಿಕೆಗಳಾಗಿ ಅಂಗಡಿ ಸೇರಿದವು. ಅದೇ ಸಾಮಗ್ರಿಯ ಬಹುಪಾಲು 2007ರಲ್ಲಿ ‘ಫ್ಯಾಮಿಲಿ ಟ್ರೀ’ ಎಂಬ ಅಧಿಕೃತ ಆಲ್ಬಮ್ಮಾಗಿ ಬಂತು. ಈ ಟೇಪುಗಳಲ್ಲಿರುವ ಡ್ರೇಕ್ ಮುಖ್ಯವಾಗಿ ಮರುಗಾಯಕ: ಜ್ಯಾಕ್ಸನ್ ಸಿ. ಫ್ರ್ಯಾಂಕ್, ಬರ್ಟ್ ಜ್ಯಾನ್ಶ್, ಬಾಬ್ ಡಿಲನ್ ಅವರ ಹಾಡುಗಳನ್ನು, ಹಳೆಯ ಬ್ಲೂಸ್ ಹಾಡುಗಳನ್ನು, 1967ರಲ್ಲಿ ಫ್ರಾನ್ಸಿನ ಎಕ್ಸ್ ಪಟ್ಟಣದಲ್ಲಿ ಪರಿಚಯವಾದ ರಾಬಿನ್ ಫ್ರೆಡರಿಕ್ ಅವರ ಹಾಡನ್ನು ಅವರು ನುಡಿಸಿ ಕಲಿಯುತ್ತಿದ್ದಾರೆ. ಫ್ರೆಡರಿಕ್ ಅವರ ಆ ಹಾಡನ್ನು ಇಂದು ಕಲಿಯುವವರು ಡ್ರೇಕ್ ಅವರ ಮರುಗಾಯನದ ಮರುಗಾಯನವನ್ನು ಮಾಡುತ್ತಿರುತ್ತಾರೆ. ತಾವು ಯಾರನ್ನು ಕೇಳಿ ಕಲಿಯುತ್ತಿದ್ದಾರೋ ಅವರೂ ಹೀಗೇ ಕಲಿತವರೆಂಬ ಅರಿವು ಅಭಿಮಾನಿಗಳಲ್ಲಿ ಗಾಢವಾಗಿದೆ. ಟ್ಯಾನ್‌ವರ್ತಿನಲ್ಲಿ ಸೇರಿ ಪರಸ್ಪರರ ಮುಂದೆ ಆ ಹಾಡುಗಳನ್ನು ಹಾಡುವ ಪರಿಪಾಠ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ವೃತ್ತಿಪರರ ಗೌರವಾರ್ಪಣೆಗಳು ಬೇರೊಂದು ದಿಕ್ಕಿನವು. ಜೋ ಬಾಯ್ಡ್ ಏರ್ಪಡಿಸಿದ ‘ವೇ ಟು ಬ್ಲೂ’ ಕಛೇರಿಮಾಲೆ 2013ರಲ್ಲಿ ಆಲ್ಬಮ್ಮಾಯಿತು. ಮೊದಲ ಆಲ್ಬಮ್ಮಿನಲ್ಲಿ ಬಾಸ್ ನುಡಿಸಿದ್ದ ಡ್ಯಾನಿ ಥಾಂಪ್ಸನ್ ಅದರ ವಾದ್ಯಮೇಳದಲ್ಲಿದ್ದುದು ಪರಂಪರೆಯ ಎಳೆಯನ್ನು ಕಾಯ್ದಿತ್ತು. 2023ರ ‘ದಿ ಎಂಡ್‌ಲೆಸ್ ಕಲರ್ಡ್ ವೇಸ್’ ಸಂಕಲನ ಇದಕ್ಕೆ ತದ್ವಿರುದ್ಧ: ಮೂಲದ ಮುದ್ರಿಕೆಯನ್ನು ಬದಿಗಿಟ್ಟು ತಮ್ಮ ರೀತಿಯಲ್ಲಿ ಹಾಡಬೇಕೆಂಬುದು ಅಲ್ಲಿ ಗಾಯಕರಿಗಿದ್ದ ಸೂಚನೆ. ಐರ್ಲೆಂಡಿನ ಫಾಂಟೇನ್ಸ್ ಡಿ.ಸಿ. ತಂಡದಿಂದ ಕೆನಡಾದ ಫೈಸ್ಟ್ ವರೆಗೆ ಹಲವರು ಹಾಡಿರುವ ಆ ಸಂಕಲನ ಸೊಗಸಾದದ್ದೇ. ಆದರೆ ಬದಿಗಿಡಲು ಮೊದಲು ಏನೆಂಬುದು ಗೊತ್ತಿರಬೇಕು. ಮೂಲದ ಪಾಠ ಖಚಿತವಾಗಿ, ಸಾವಿರಾರು ಹವ್ಯಾಸಿಗಳ ಕೈಯಲ್ಲಿ ಭದ್ರವಾದ ಮೇಲೆಯೇ ಇಂಥ ಸ್ವಾತಂತ್ರ್ಯ ಸಲೀಸಾಯಿತು ಎಂಬುದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ.

ಹವ್ಯಾಸಿಗಳ ನಿಷ್ಠೆಗೂ ಒಂದು ದೋಷವುಂಟು. ಕೈಯನ್ನು ಅನುಸರಿಸುವ ಭರದಲ್ಲಿ ಅವರು ಕಂಠವನ್ನೂ ಅನುಕರಿಸುತ್ತಾರೆ: ಅದೇ ಪಿಸುದನಿ, ಅದೇ ನುಂಗಿದ ವ್ಯಂಜನಗಳು. ಶ್ರುತಿಯನ್ನು ಮರಳಿ ಪಡೆಯುವುದು ಜ್ಞಾನ. ಮತ್ತೊಬ್ಬರ ಗಂಟಲನ್ನು ತೊಟ್ಟುಕೊಳ್ಳುವುದರಿಂದ ಯಾರಿಗೂ ಏನೂ ತಿಳಿದುಬರುವುದಿಲ್ಲ. ಈ ದೃಷ್ಟಿಯಿಂದ, 1950ರ ದಶಕದಲ್ಲಿ ಮನೆಯ ಟೇಪಿನಲ್ಲಿ ರಾಡ್ನಿ ಮುದ್ರಿಸಿಟ್ಟಿದ್ದ ಮಾಲಿ ಡ್ರೇಕ್ ಅವರ ಸ್ವಂತ ಹಾಡುಗಳು ಬೆಳಕಿಗೆ ಬಂದದ್ದು ಉಪಯುಕ್ತವಾಗಿದೆ. ಪಿಯಾನೊಗೆ ಹಾಡಿದ ಆ ಹಾಡುಗಳಲ್ಲಿ ಮಗನ ಸ್ವರಸಂಘಾತಗಳ ಪೂರ್ವರೂಪ ಕೇಳಿಸುತ್ತದೆ. ನಾರ್ತಂಬರ್‌ಲ್ಯಾಂಡಿನ ಅನ್‌ಥ್ಯಾಂಕ್ಸ್ ಸೋದರಿಯರು 2017ರಲ್ಲಿ ಅವುಗಳನ್ನು ತಮ್ಮ ನಾಡಿನ ಉಚ್ಚಾರಣೆಯಲ್ಲಿಯೇ, ತಮ್ಮ ದನಿಯಲ್ಲಿಯೇ ಮರುಗಾಯನ ಮಾಡಿದ್ದಾರೆ. ನಿಕ್ ತಮ್ಮ ಗಿಟಾರಿಗೆ ಆ ಶ್ರುತಿಗಳನ್ನೇ ಏಕೆ ಹುಡುಕಿಕೊಂಡರು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ತಾಯಿಯ ಎಡಗೈ ಪಿಯಾನೊದ ಮೇಲೆ ಹಿಡಿಯುತ್ತಿದ್ದ ಸ್ವರಗಳಲ್ಲಿರುವ ಸಾಧ್ಯತೆಯನ್ನು ಈ ಹೋಲಿಕೆ ಮುಂದಿಡುತ್ತದೆ. ಅದನ್ನು ಸ್ಥಾಪಿಸಬೇಕಾದರೆ ಪಿಯಾನೊ ಮತ್ತು ಗಿಟಾರ್ ಎರಡನ್ನೂ ಬಲ್ಲವರು ತಾಯಿಮಗನ ಹಾಡುಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ನುಡಿಸಿ ನೋಡಬೇಕಾಗುತ್ತದೆ.